ಈರಣ್ಣ ಮಾಸ್ತರರ ಹೆಸರು ಅಳಿಸಿದ ಮೇಲೆ

ಕೊರೊನಾ ಕಳೆದ ಮಾರನೆಯ ವರ್ಷ. ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳ ಕಂಪ್ಯೂಟರ್ ನೋಡಿಕೊಳ್ಳುವ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎಂಬುದು ಬಿಲ್ಲಿನ ಮೇಲಿನ ಹೆಸರು. ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಲ್ಲಿ ತೆಗೆಯುವವನೂ ನಾನೇ. ಒಂದು ಬೆಳಿಗ್ಗೆ ಘಟಕವೊಂದರ ಮಾಲೀಕ ರುದ್ರಪ್ಪನವರ ಫೋನು ಬಂತು.

"ಜಲ್ದಿ ಬರ್ರಿ. ಆಕಿ ಎಲ್ಲಾ ಫೈಲಿಗೂ ಬೀಗ ಹಾಕಿ ಹೋಗ್ಯಾಳ."

ಆಕೆ ಎಂದರೆ ಸುಜಾತ, ಮಡಕಶಿರಾ ಕಡೆಯ ಅಮರಾಪುರದವಳು. ಜೀನ್ಸಿನ ಅಳತೆ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ತಯಾರಿಸುವ ಪ್ಯಾಟರ್ನ್ ಕೆಲಸವನ್ನು ಈರಣ್ಣ ಮಾಸ್ತರರ ಕೈಕೆಳಗೆ ಕಲಿತಿದ್ದಳು. ಮಾಸ್ತರರು ಆಗಷ್ಟೇ ತೀರಿಕೊಂಡಿದ್ದರು.

ನಾನು ಹೋದಾಗ ಕಟಿಂಗ್ ಟೇಬಲ್ ಖಾಲಿ ಬಿದ್ದಿತ್ತು. ಹಿಂದೆ ಕತ್ತರಿಸಿಟ್ಟಿದ್ದ ಬಟ್ಟೆಯನ್ನೇ ಹೊಲಿಯುತ್ತಿದ್ದರು. ಹಳೆಯ ಫೈಲು ತೆರೆಯುತ್ತದೆ, ಹೊಸ ಆರ್ಡರಿನ ಅಳತೆ ಉಳಿಸಲು ಹೋದರೆ 'ಆಕ್ಸೆಸ್ ಡಿನೈಡ್', ಅಂದರೆ ನಿನಗೆ ಅನುಮತಿ ಇಲ್ಲ ಎನ್ನುತ್ತದೆ. ರುದ್ರಪ್ಪನವರ ತೀರ್ಪು ಆಗಲೇ ಮುಗಿದಿತ್ತು: ಮಾಸ್ತರರು ಹೋದದ್ದೇ ಸಮಯ ಎಂದು ಸಂಬಳ ಹೆಚ್ಚಿಸಿಕೊಳ್ಳಲು ಸುಜಾತಳೇ ಬೀಗ ಹಾಕಿದ್ದಾಳೆ. ಎಲ್ಲರೆದುರು "ಕಳ್ಳಿ" ಎಂದು ಬೈದು ಹೊರಗಟ್ಟಿದ್ದರು. ಸಾಲದ್ದಕ್ಕೆ, ಆಕೆಯನ್ನು ಸೇರಿಸಿಕೊಳ್ಳಬೇಡಿ ಎಂದು ಉಳಿದ ಘಟಕಗಳಿಗೂ ಫೋನು ಮಾಡಿದ್ದರು. ಊರ ತುಂಬ ಜೀನ್ಸ್ ಹೊಲಿಯುವಾಗ ಆಕೆಯೊಬ್ಬಳಿಗೆ ಎಲ್ಲೂ ಕೆಲಸವಿರಲಿಲ್ಲ.

ಅಳತೆಯ ಫೈಲುಗಳಿದ್ದದ್ದು ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿ. ಅಂಥ ಫೋಲ್ಡರಿಗೆ ಎರಡು ಬಾಗಿಲು. ಹೊರಗಿನದು ಶೇರ್ ಪರ್ಮಿಷನ್: ಬೇರೆ ಕಂಪ್ಯೂಟರಿನಿಂದ ಬಂದವರಿಗೆ ಎಷ್ಟು ಅಧಿಕಾರ ಎಂಬುದು. ಒಳಗಿನದು ಆ ಫೋಲ್ಡರಿನದೇ ಪರ್ಮಿಷನ್. ಎರಡೂ ಒಪ್ಪಿದರೆ ಮಾತ್ರ ಬರೆಯಲು ಬಿಡುತ್ತದೆ. ಹೊರಬಾಗಿಲು ಹಾರುಹೊಡೆದಿತ್ತು. ಒಳಗಿನದನ್ನು ನೋಡಿದೆ: ಓದುವ ಅಧಿಕಾರ ಎಲ್ಲರಿಗೂ, ಬರೆಯುವುದು ಒಬ್ಬರಿಗೇ. ಆ ಒಬ್ಬರ ಹೆಸರಿರಬೇಕಾದ ಕಡೆ ಉದ್ದನೆಯ ಸಂಖ್ಯೆಯೊಂದಿತ್ತು. ಖಾತೆಯನ್ನು ಅಳಿಸಿದಾಗ ಹೀಗಾಗುತ್ತದೆ. ಹೆಸರು ಹೋಗಿ, ಕಂಪ್ಯೂಟರು ಒಳಗೊಳಗೇ ಕೊಟ್ಟಿದ್ದ ಗುರುತಿನ ಸಂಖ್ಯೆ ಉಳಿಯುತ್ತದೆ. ಬರೆಯುವ ಅಧಿಕಾರವಿದ್ದ ಆ ಒಬ್ಬರು ಈರಣ್ಣ ಮಾಸ್ತರರೇ ಇರಬೇಕು.

"ಮಾಸ್ತರ ಹೆಸರು ಅಳಿಸಿದೋರು ಯಾರ್ರಿ?" ಎಂದೆ.

"ನಾನೇರಿ," ಎಂದರು ರುದ್ರಪ್ಪನವರು. "ಹನ್ನೊಂದನೇ ದಿನದ ಕಾರ್ಯ ಮುಗೀತಲ್ರಿ. ದಿನಾ ಕಂಪ್ಯೂಟರ್ ಚಾಲೂ ಮಾಡಿದ್ರ ಮೊದಲು ಸತ್ತೋರ ಹೆಸರು ಬರ್ತದ. ಬೋಣಿ ಹೊತ್ತಿನಾಗ ಅದ್ಯಾಕ ಅಂತ ತೆಗದೆ. ಆಮ್ಯಾಲ ಫೈಲು ಕೆಟ್ಟಾವಂತ ಅದೇ ಹೆಸರು, ಅದೇ ಪಾಸ್‌ವರ್ಡು ತಿರುಗಿ ಹಾಕೀನಿ. ಆದ್ರೂ ಆಗವಲ್ದು!"

ಹೇಗಾದೀತು? ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ತಾತ ಎದ್ದು ಬರುತ್ತಾನೆಯೇ? ಹೆಸರು ಅದೇ ಆದರೂ ಸಂಖ್ಯೆ ಹೊಸದು. ಕಂಪ್ಯೂಟರಿಗೆ ಅವನು ಬೇರೆಯವನೇ. ಸುಜಾತ ಮೊದಲಿನಿಂದಲೂ ಗುರುವಿನ ಹೆಸರಿನಲ್ಲೇ ಲಾಗಿನ್ ಆಗುತ್ತಿದ್ದಳು. ಆ ಹೆಸರು ಅಳಿಸಿ ಆಕೆಯ ಕೈ ಕಟ್ಟಿದವರು ಇವರು, ಕಳ್ಳಿ ಎನಿಸಿಕೊಂಡವಳು ಆಕೆ. ನನಗೆ ಮೈಯೆಲ್ಲ ಉರಿದುಹೋಯಿತು.

ಪರಿಹಾರ ಸುಲಭದ್ದು. ಅಡ್ಮಿನ್ ಆಗಿ ಫೋಲ್ಡರಿನ ಒಡೆತನ ತೆಗೆದುಕೊಂಡು, ಒಬ್ಬರ ಹೆಸರಿನ ಬದಲು ಪ್ಯಾಟರ್ನ್ ಕೆಲಸದವರ ಗುಂಪಿಗೆ ಬರೆಯುವ ಅಧಿಕಾರ ಕೊಡುವುದು. ಎಲ್ಲ ಸಿದ್ಧಮಾಡಿ, 'ಅಪ್ಲೈ' ಒತ್ತದೆ ಕೈಕಟ್ಟಿ ಕೂತೆ.

"ಮೊದಲು ಆಕಿಗೆ ಫೋನು ಹಚ್ರಿ."

"ಈಗ್ಯಾಕ್ರಿ ಅದು? ಆರ್ಡರ್ ನಿಂತದ."

"ನಿಂದ್ರಲಿ."

ಗೊಣಗುತ್ತ ಹಚ್ಚಿದರು. ಸ್ಪೀಕರ್ ಹಾಕಿಸಿದೆ. "ಎಲ್ಲಾ ಸರಿಹೋತವ್ವಾ, ನಾಳಿಂದ ಕೆಲಸಕ್ಕ ಬಾ," ಎಂದರು.

"ಕೆಲ್ಸ ಇರ್ಲಿ ಸಾವ್ಕಾರ್ರೇ," ಎಂದಳು ಸುಜಾತ. "ನಾನು ಕದ್ದಿಲ್ಲ ಅಂತ ಅಲ್ಲಿರೋರ್ಗೆಲ್ಲ ಕೇಳಂಗೆ ಹೇಳಿ. ಇಲ್ಲಿ ನಮ್ಮಮ್ಮನೇ 'ನಿಜ ಹೇಳೇ, ಏನ್ ಮಾಡ್ದೆ' ಅಂತ ಕೇಳ್ತಾವ್ಳೆ."

"ಆತು ಬಿಡವ್ವಾ, ನೀ ಕದ್ದಿಲ್ಲ," ಎಂದು ರುದ್ರಪ್ಪನವರು ತುಟಿಯೊಳಗೇ ಅಂದರು. ಮಷಿನ್‌ಗಳ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು.

ಎದ್ದು ಹೋಗಿ ಹೊಲಿಗೆ ಸಾಲಿನ ಮೇನ್ ಸ್ವಿಚ್ ಎಳೆದುಬಿಟ್ಟೆ. ಮಷಿನ್ ನಿಂತವು. ಎಲ್ಲರೂ ತಲೆಯೆತ್ತಿ ಇತ್ತ ನೋಡಿದರು. ರುದ್ರಪ್ಪನವರ ಮುಖ ಕಪ್ಪಿಟ್ಟಿತು, ಆದರೂ ಫೋನು ಹಿಡಿದುಕೊಂಡೇ ಗಟ್ಟಿಯಾಗಿ ಹೇಳಿದರು: "ಸುಜಾತ ಏನೂ ಮಾಡಿಲ್ಲ. ಹೆಸರು ಅಳಿಸಿ ಕೆಡಿಸಿದೋನು ನಾನು."

ಆ ಕಡೆ ಅಳು ಕೇಳಿಸಿತು. ಫೋನು ಕಟ್ಟಾಯಿತು. ನಾನು ಅಪ್ಲೈ ಒತ್ತಿದೆ. ಹೊಸ ಅಳತೆ ಮೊದಲ ಸಲಕ್ಕೇ ಉಳಿಯಿತು. ಆ ಘಟಕದವರು ನನ್ನನ್ನು ಮತ್ತೆ ಕರೆಯಲಿಲ್ಲ. ಸುಜಾತಳೂ ಅಲ್ಲಿಗೆ ಹೋಗಲಿಲ್ಲ.

ಎಷ್ಟೋ ತಿಂಗಳ ಮೇಲೆ ಮಡಕಶಿರಾದಲ್ಲಿ ಅಗಳಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಶೇಂಗಾ ಬಿಡಿಸುವ ಕೂಲಿಗೆ ಹೊರಟಿದ್ದಳಂತೆ. ಬೇರೆ ಘಟಕದಲ್ಲಿ ಕೇಳಬಾರದೇ ಎಂದೆ.

"ಕೇಳ್ದೆ ಕಣಣ್ಣ. ನೀವು ಹೇಳ್ಸಿದ್ದು ಆ ಯೂನಿಟ್‌ನೋರ್ಗೆ ಕೇಳುಸ್ತು. ಬಾಕಿಯೋರ್ಗೆ ಯಾರ್ ಹೇಳ್ತಾರೆ?"

ಉಳಿದ ಘಟಕಗಳ ಮಾಲೀಕರಿಗೆ ನಾನು ಹೇಳಿದ್ದೆ. "ನಿಮಗ್ಯಾಕ್ರಿ ಊರ ಉಸಾಬರಿ" ಎಂದು ನಕ್ಕಿದ್ದರು.

ಕೆಲಸ ಬಿಟ್ಟವರ, ತೀರಿಕೊಂಡವರ ಖಾತೆಯನ್ನು ಅಳಿಸಬೇಡಿ, ನಿಲ್ಲಿಸಿಡಿ ಎಂದು ಈಗ ಹೋದಲ್ಲೆಲ್ಲ ಹೇಳುತ್ತೇನೆ. ಅದು ಕಲಿಸಬಹುದಾದ ಪಾಠ. ಸರ್ವರಿನಲ್ಲಿ ಒಮ್ಮೆ ಪರ್ಮಿಷನ್ ಸರಿಮಾಡಿದರೆ ಎಲ್ಲ ಕಂಪ್ಯೂಟರಿಗೂ ಸರಿಹೋಗುತ್ತದೆ. ಕಳ್ಳಿ ಎಂಬ ಮಾತನ್ನು ಮಾತ್ರ, ಆಡಿದವನೇ ಆಡಿದ ಕಡೆಗೆಲ್ಲ ಹೋಗಿ ವಾಪಸು ತೆಗೆದುಕೊಳ್ಳಬೇಕು. ರುದ್ರಪ್ಪನವರು ಹೋಗಲಿಲ್ಲ.