ಕೊಡಗಿನಮ್ಮನ ರೈಫಲ್

ಕಳೆದ ವಾರ ಬಾಣಸವಾಡಿಯ ನಮ್ಮ ಪಕ್ಕದ ಫ್ಲ್ಯಾಟಿನವರು ಮುಂಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸುತ್ತಿದ್ದರು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ಆ ಹಳೆಯ ಮನೆಯ ಜಗಲಿ... ತೊಡೆಯ ಮೇಲೆ ರೈಫಲ್ ಅಡ್ಡ ಇಟ್ಟುಕೊಂಡು ಕೂತ ನಮ್ಮ ಓನರ್ ಅಮ್ಮ ಕಣ್ಣೆದುರು ಬಂದುಬಿಟ್ಟರು.

ಬೀದಿಯವರೆಲ್ಲ ಅವರನ್ನು ಕೊಡಗಿನಮ್ಮ ಎನ್ನುತ್ತಿದ್ದರು. ನಾನು ಮಹಡಿಯಲ್ಲಿ ಬಾಡಿಗೆಗಿದ್ದೆ, ಕೆಳಗೆ ಅವರೊಬ್ಬರೇ. ಗಂಡ ಸೈನ್ಯದಲ್ಲಿದ್ದವರು, ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವರ ಹಳೆಯ ಮಿಲಿಟರಿ ರೈಫಲ್ ಲೈಸೆನ್ಸ್ ಸಮೇತ ಅಮ್ಮನ ಹೆಸರಿಗೆ ಬಂದಿತ್ತು. ಆದರೆ ಅದು ಕೆಟ್ಟು ಕೂತಿತ್ತು. ಗುಂಡಿನ ಬೆನ್ನಿಗೆ ಬಡಿಯುವ ಉಕ್ಕಿನ ಪಿನ್ನು ಮುರಿದಿತ್ತು, ನಳಿಗೆಯ ಕೆಳಗಿನ ಮರ ಉದ್ದಕ್ಕೂ ಸೀಳಿತ್ತು.

"ಇದನ್ನ ಸರಿ ಮಾಡಿಸ್ಬೇಕು. ಜೊತೆಗೆ ಬರ್ತೀಯಾ?" ಎಂದು ಒಂದು ದಿನ ಕೇಳಿದರು. ಈ ವಯಸ್ಸಿನಲ್ಲಿ ಯಾರನ್ನು ಹೊಡೆಯಲಿಕ್ಕೆ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ನಮ್ಮಲ್ಲಿ ಸಾವಾದ್ರೆ ಗುಂಡು ಹಾರಿಸುವ ಪದ್ಧತಿ ಉಂಟು. ಸದ್ದು ಕೇಳಿದ ಕೂಡ್ಲೇ ಸುತ್ತಲಿನವರು ಕೈಲಿರೋ ಕೆಲಸ ಬಿಟ್ಟು ಬರ್ತಾರೆ. ಇವರು ಹೋದಾಗ... ಆಸ್ಪತ್ರೆಯಿಂದ ಸೀದಾ ಸುಡುಗಾಡು. ಒಂದು ಗುಂಡೂ ಹಾರ್ಲಿಲ್ಲ. ನನಗಾದ್ರೂ ಆಗ್ಲಿ."

ತನ್ನನ್ನು ಊರಿಗೇ ಒಯ್ಯಬೇಕು, ಇದೇ ರೈಫಲಿನಿಂದ ಗುಂಡು ಹಾರಿಸಬೇಕು ಎಂದು ಮೈಸೂರಿನಲ್ಲಿದ್ದ ತಮ್ಮನ ಮಗನಿಂದ ಮಾತು ತೆಗೆದುಕೊಂಡಿದ್ದರು.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಬಂದೂಕು ರಿಪೇರಿಯ ಮುದುಕರೊಬ್ಬರಿದ್ದರು. ರೈಫಲನ್ನು ತಿರುಗಿಸಿ ಮುರುಗಿಸಿ ನೋಡಿ, "ಪುರಾನಾ ಮಾಲ್ ಅಮ್ಮಾ. ಪಿನ್ನು ಹೊಸದು ಹಾಕ್ತೀನಿ. ಲಕಡಿ ಸಿಗೋದು ಮುಶ್ಕಿಲ್" ಎಂದರು. ಅಂತೂ ಬಹಳ ದಿನ ಹುಡುಕಿ, ಬೇರೆ ಯಾವುದೋ ಮುರುಕು ರೈಫಲಿನ ಮರ ತಂದರು. ಅದು ಕೂರಲೊಲ್ಲದು. ಉಕ್ಕಿಗೆ ಮಸಿ ಸವರಿ ಮರದೊಳಗೆ ಇಡುವುದು, ತೆಗೆದು ಮಸಿ ಅಂಟಿದ ಕಡೆಯಷ್ಟೇ ಹೆರೆಯುವುದು, ಮತ್ತೆ ಇಡುವುದು. ನಾವು ಹೋದಾಗಲೆಲ್ಲ ಅದೇ ನಡೆದಿರುತ್ತಿತ್ತು.

"ಜೋರಾಗಿ ಒತ್ತಿ ಕೂರಿಸ್ಬಿಡ್ರೀ" ಎಂದು ಅಮ್ಮ ಆತುರಪಟ್ಟರು.

"ಒತ್ತಿದ್ರೆ ಮೊದಲ್ನೇ ಗುಂಡಿಗೇ ಸೀಳ್ತದೆ. ನಿಮಗೇನಮ್ಮಾ ಇಷ್ಟು ಜಲ್ದಿ?"

"ನನಗಲ್ಲಪ್ಪಾ, ಯಮನಿಗೆ!"

ಆ ದಿನ ಅಂಗಡಿಯಲ್ಲಿ ಎಲ್ಲರೂ ನಕ್ಕೆವು.

ಕೊನೆಗೆ ರೈಫಲ್ ಮನೆಗೆ ಬಂತು. ಹೊಸದಾಗಿ ಕೂಡಿಸಿದ ಮರ ಮಾತ್ರ ಹಿಂಬದಿಯ ಹಳೆ ಮರಕ್ಕಿಂತ ಬಿಳಿಚಿಕೊಂಡಿತ್ತು. ಮಧ್ಯಾಹ್ನ ಜಗಲಿಯಲ್ಲಿ ಕೂತು ಹಳೆ ಸೀರೆಯ ತುಂಡಿನಿಂದ ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ನೋಡನೋಡುತ್ತ ಎರಡೂ ಒಂದೇ ಬಣ್ಣಕ್ಕೆ ಬಂದವು. ಅಷ್ಟು ನೆಮ್ಮದಿಯಾಗಿ ಅವರನ್ನು ನಾನು ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸ್ ಇದ್ದವರು ಬಂದೂಕುಗಳನ್ನು ಠಾಣೆಯಲ್ಲಿಡಬೇಕೆಂದು ಸೂಚನೆಯಾಯಿತು. ಅಮ್ಮ ರೈಫಲನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಹಾಸ್ಟೆಲಿಗೆ ಬಿಡುವವರಂತೆ ಕೊಟ್ಟುಬಂದರು. "ಎಲೆಕ್ಷನ್ ಮುಗಿಯೋ ತನಕ ನಾನು ಸಾಯೋದಿಲ್ಲ ಬಿಡು" ಎಂದರು.

ಮತದಾನಕ್ಕೆ ಮುಂಚೆಯೇ, ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು.

ತಮ್ಮನ ಮಗ ಸಂಜೆಗೆ ಬಂದ. ಅತ್ತೆಯ ಕಾಲ ಬಳಿ ಕೂತು ಅತ್ತ. ರೈಫಲಿನ ವಿಷಯ ನಾನೇ ಎತ್ತಿದೆ.

"ಸ್ಟೇಷನ್‌ನಿಂದ ಈಗ ಹೇಗೆ ಬಿಡಿಸೋದು ಆಂಟಿ? ಊರಲ್ಲಿ ನಮ್ಮ ಮನೆ ಬಾಗ್ಲು ತೆಗೆದು ಯಾವ ಕಾಲ ಆಯ್ತು. ಅಲ್ಲಿ ಯಾರಿದ್ದಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಿರದ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ನಾವು ನಾಲ್ಕೈದು ಜನ ಇದ್ದೆವು, ಅಷ್ಟೇ.

ಚುನಾವಣೆ ಕಳೆದ ಮೇಲೆ ಅವನು ರೈಫಲನ್ನು ಸರ್ಕಾರಕ್ಕೇ ಒಪ್ಪಿಸಿಬಿಟ್ಟ. ಜೊತೆಗೆ ನಾನೂ ಹೋಗಿದ್ದೆ. "ವರ್ಕ್ ಆಗುತ್ತಾ ಇದು?" ಎಂದು ಪೊಲೀಸರು ಕೇಳಿದಾಗ ಅವನು ನನ್ನ ಮುಖ ನೋಡಿದ.

"ಆಗುತ್ತೆ ಸಾರ್" ಎಂದೆ. "ಚೆನ್ನಾಗಿ ರಿಪೇರಿ ಮಾಡಿಸಿದ್ದಾರೆ."

ಆ ಮನೆ ಈಗಿಲ್ಲ. ಮಾರಾಟವಾಗಿ, ಅಲ್ಲಿ ಅಂಗಡಿ ಸಾಲು ಎದ್ದಿದೆ. ನಾನೂ ಈ ಕಡೆ ಬಂದು ವರ್ಷಗಳಾದವು.

ನಿನ್ನೆ ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಹೂವಿನ ಸಾಲಿನಲ್ಲಿ ಒಬ್ಬಾಕೆ ನನ್ನ ಗುರುತು ಹಿಡಿದಳು.

"ಏನ್ಮಾ, ನಿಮ್ ಜೊತೆ ಬರ್ತಿದ್ರಲ್ಲ ಕೊಡಗಿನಮ್ಮ, ಕಾಣ್ಸೋದೇ ಇಲ್ಲ? ಊರಿಗೆ ಹೋಗ್ಬಿಟ್ರಾ?"

"ಇಲ್ಲಮ್ಮಾ, ತೀರ್ಕೊಂಡ್ರು. ತುಂಬ ವರ್ಷ ಆಯ್ತು."

ಕಟ್ಟುತ್ತಿದ್ದ ಮಾಲೆ ಅವಳ ಮಡಿಲಿಗೆ ಬಿತ್ತು.

"ಅಯ್ಯೋ ದೇವ್ರೇ... ನಮಗೆ ಯಾರೂ ಹೇಳ್ಲೇ ಇಲ್ವಲ್ಲಮ್ಮಾ!"