‘ಜಾರುತ್ತಾ?’ ಎಂದು ಕೇಳಿದ ಮೇಸ್ತ್ರಿಗಳು

ರಸ್ತೆಯಿಲ್ಲದ ಊರುಗಳಿಗೆ ಓಡುವ ಆಂಬುಲೆನ್ಸುಗಳ ಹೊಟ್ಟೆ ಕಾಯುವ ವಿದ್ಯೆಯಲ್ಲಿ ನಮ್ಮ ವರ್ಕ್‌ಶಾಪಿನ ಮೇಸ್ತ್ರಿಗಳಿಗೆ ಸರಿಸಾಟಿಯಾದವರನ್ನು ನಾನು ಕಂಡಿಲ್ಲ. ಅವರಷ್ಟು ತಲೆ ತಿಂದವರನ್ನೂ ಕಂಡಿಲ್ಲ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಹೀಗೆಲ್ಲ ಬರೆಯಬಾರದೆಂದು ಸಂಪಾದಕರು ಎಚ್ಚರಿಸಿದ್ದಾರೆ. ಆದರೆ ಹದಿನೇಳು ವರ್ಷ ಒಂದೇ ಶೆಡ್ಡಿನಲ್ಲಿ ಅವರೊಂದಿಗೆ ಏಗಿದವನು ನಾನು, ಸಂಪಾದಕರಲ್ಲ.

ಹೊಸ ಎಂಜಿನಿಯರಾಗಿ ಸೇರಿದ ನನಗೆ ಸಿಕ್ಕ ಮೊದಲ ಕೆಲಸ, ಎಂಜಿನ್ನಿನ ಅಡಿಗೆ ಕಲ್ಲೇಟು ತಡೆಯುವ ಪ್ಲೇಟನ್ನು ಆರಿಸುವುದು. ಉಕ್ಕು ಭಾರ, ತುಕ್ಕೂ ಹಿಡಿಯುತ್ತದೆ. ದಪ್ಪ ಅಲ್ಯೂಮಿನಿಯಂ ಹಗುರ, ಏಟನ್ನೂ ತಾಳುತ್ತದೆ ಎಂದು ಹನ್ನೊಂದು ಪುಟ ಲೆಕ್ಕ ಮಾಡಿಕೊಂಡು ಹೋದೆ. ಮೇಸ್ತ್ರಿಗಳು ಕೈ ಒರೆಸಿಕೊಂಡು ಹನ್ನೊಂದೂ ಪುಟ ತಿರುವಿದರು.

“ತಡಿಯುತ್ತೆ, ಸರಿ. ಜಾರುತ್ತಾ?”

ಎರಡನೆಯ ಸಲ ಹೋದಾಗಲೂ ಅದೇ ಮಾತು. ಮೂರನೆಯ ಸಲ ಶೆಡ್ಡಿನ ಹಿಂದಕ್ಕೆ ಕರೆದೊಯ್ದು, ಎರಡೂ ಲೋಹದ ತುಂಡುಗಳ ಮೇಲೆ ಭಾರ ಹೇರಿ ಬಂಡೆಯ ಮೇಲೆ ಎಳೆಸಿದರು. ಉಕ್ಕು ಕಿರ್ರೆಂದು ಜಾರಿತು, ಅಲ್ಯೂಮಿನಿಯಂ ಕಲ್ಲನ್ನು ಕಚ್ಚಿ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಮಗಳ ಮದುವೆಗೆ ರಜೆ ಹಾಕಿದ್ದೇ ತಡ, ಒಂದು ಗಾಡಿಗೆ ಅಲ್ಯೂಮಿನಿಯಂ ಪ್ಲೇಟನ್ನೇ ಹಾಕಿಸಿಬಿಟ್ಟೆ. ತಾವಿಲ್ಲವೆಂದು ಕೆಲಸ ನಿಲ್ಲಬಾರದೆಂದು, ಸಾಮಾನು ಪಡೆಯುವ ಖಾಲಿ ಫಾರಂಗಳಿಗೆ ಸಹಿ ಹಾಕಿ ನನ್ನ ಕೈಗೇ ಕೊಟ್ಟು ಹೋಗಿದ್ದರು. ಅದರಲ್ಲೊಂದನ್ನು ನಾನು ತುಂಬಿದೆ.

ತಿಂಗಳೊಳಗೆ, ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಹೊತ್ತಿದ್ದ ಆ ಗಾಡಿ ಹಳ್ಳದ ಬಂಡೆಯ ಮೇಲೆ ಕೂತುಬಿಟ್ಟಿತು. ಎಂಜಿನ್ನಿಗೆ ಒಂದು ಗೀರೂ ಆಗಿರಲಿಲ್ಲ, ನನ್ನ ಲೆಕ್ಕ ಅಷ್ಟು ಸರಿಯಾಗಿತ್ತು. ಪ್ಲೇಟು ಕಲ್ಲನ್ನು ಕಚ್ಚಿಕೊಂಡು ಗಾಡಿ ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಊರವರು ಹಾರೆ ಹಾಕಿ ಮೀಟುತ್ತಿರುವಾಗಲೇ ಮಗು ಒಳಗೆ ಹುಟ್ಟಿತು. ತಾಯಿ ಮಗು ಉಳಿದದ್ದು ಗಾಡಿಯಲ್ಲಿದ್ದ ನರ್ಸಮ್ಮನ ಕೈಗುಣ.

ಪ್ಲೇಟು ಆರಿಸಿದವರು ಯಾರೆಂದು ವಿಚಾರಣೆಯಲ್ಲಿ ಕೇಳಿದರು. ಮೇಸ್ತ್ರಿಗಳು ಫಾರಮ್ಮನ್ನು ನೋಡಿದರು, ನನ್ನನ್ನು ನೋಡಿದರು. “ಸಹಿ ನಂದೇ,” ಎಂದರು. ಇನ್ನೂ ಕೆಲಸ ಕಾಯಂ ಆಗದಿದ್ದ ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಹೊರಗೆ ಬಂದು ಕ್ಷಮೆ ಕೇಳಲು ಹೋದರೆ, “ಅಳತೆ ತಗೊಳ್ಳಿ ಸರ್, ಉಕ್ಕಿಂದು ಹಾಕೋಣ,” ಎಂದು ನಡೆದೇಬಿಟ್ಟರು.

ಅವರಿಗೆ ಬರಬೇಕಿದ್ದ ಫೋರ್‌ಮನ್ ಹುದ್ದೆ ಅಲ್ಲಿಗೇ ನಿಂತಿತು. ಕಾಯಂ ಆದ ಮೇಲೆ, ನಿಜ ಹೇಳಿಬಿಡುತ್ತೇನೆಂದು ನಾನು ಮಾತೆತ್ತಿದಾಗಲೆಲ್ಲ ಈ ಮಹಾನುಭಾವರು ಯಾವುದಾದರೊಂದು ಗಾಡಿಯ ಅಡಿಗೆ ನುಸುಳುತ್ತಿದ್ದರು. ಹೊರಗೆ ಕಾಣುವ ಎರಡು ಬೂಟುಗಳೊಂದಿಗೆ ಎಷ್ಟೆಂದು ವಾದ ಮಾಡುವುದು? ಅದೇ ನೆಪವಾಗಿ ನಾನೂ ಸುಮ್ಮನಾದೆ.

ಈ ಗ್ರಂಥದ ಮುಖಪುಟದಲ್ಲಿ ಅವರನ್ನು ‘ಹಿರಿಯ ಫಿಟ್ಟರ್’ ಎಂದು ಅಚ್ಚು ಹಾಕಿದ್ದಾರೆ. ಅಲ್ಲಿ ‘ಫೋರ್‌ಮನ್’ ಎಂದಿಲ್ಲದಿರುವುದು ನನ್ನ ಕೆಲಸ. ಫಾರಮ್ಮಿನ ಕೈಬರಹ ನನ್ನದೆಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ಇಲ್ಲಿಯೂ ಬರೆಯುತ್ತಿದ್ದೇನೆ, ಏಕೆಂದರೆ ಅಚ್ಚಾದ ಪುಸ್ತಕದಿಂದ ತಪ್ಪಿಸಿಕೊಂಡು ಅವರು ಗಾಡಿಯ ಅಡಿಗೆ ನುಸುಳಲಾರರು. ಮೇಸ್ತ್ರಿಗಳು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ನಿವೃತ್ತಿಯ ಮರುದಿನವೂ ಶೆಡ್ಡಿಗೆ ಬಂದು ನನ್ನ ನಕ್ಷೆ ಹಿಡಿದು ಅದೇ ಪ್ರಶ್ನೆ ಕೇಳಿ ನನ್ನ ಜೀವ ಹಿಂಡಲಿ. ಮೊದಲ ಸಲ ಕೇಳಿದ್ದಕ್ಕೆ ಉತ್ತರ ಇಗೋ, ಹದಿನೇಳು ವರ್ಷ ತಡವಾಗಿ: ಆ ಪ್ಲೇಟು ಜಾರಲಿಲ್ಲ, ಮೇಸ್ತ್ರಿಗಳೇ. ಜಾರಿಕೊಂಡವನು ನಾನು.