ನನ್ನ ಪಾಲಿನ ಕಲೇಜಿ

ನಮ್ಮದು ತೊಗಲು ಹದ ಮಾಡುವ ಮನೆ. ಹಗರಿಬೊಮ್ಮನಹಳ್ಳಿಯ ಅಂಚಿಗೆ ಮನೆ, ಹಿತ್ತಲಲ್ಲೇ ಗುಂಡಿಗಳು. ಅಪ್ಪ ಇರುವ ತನಕ ತಂಗಡಿ ಗಿಡದ ತೊಗಟೆಯ ಕಂದು ನೀರಿನಲ್ಲಿ ತೊಗಲು ವಾರಗಟ್ಟಲೆ ನೆನೆಯುತ್ತಿತ್ತು. ಹೆರೆದು ತೆಗೆದದ್ದೆಲ್ಲ ಅವ್ವನ ಕೋಳಿಗಳ ಪಾಲು. ಆ ಕಂದು ನೀರನ್ನೂ ಕುಡಿದು ಅವು ಗುಂಡಗೆ ಓಡಾಡಿಕೊಂಡಿದ್ದವು.

ಅಪ್ಪ ಹೋದ ಮೇಲೆ, ಎಪ್ಪತ್ತರ ದಶಕದ ಕೊನೆಗೆ, ನಾನು ಪಟ್ಟಣದಲ್ಲಿ ತರಬೇತಿ ಮುಗಿಸಿ ಕ್ರೋಮ್ ಉಪ್ಪಿನ ಚೀಲ ಹೊತ್ತು ತಂದೆ. ಹಸಿರು ಪುಡಿ. ವಾರಗಳ ಕೆಲಸ ಎರಡು ಮೂರು ದಿನಕ್ಕೆ ಇಳಿಯಿತು, ತೊಗಲು ತಿಳಿನೀಲಿಯಾಗಿ ಮೆತ್ತಗೆ ಬಂತು. ನನಗೆ ಕೊಂಬು ಬಂದಿದ್ದವು. ಆ ನೀಲಿ ತೊಗಲಿನ ಚೂರುಗಳನ್ನೂ ಹಳೇ ರೂಢಿಯಂತೆ ಕೋಳಿಗಳತ್ತಲೇ ತೂರಿದೆ.

"ಲೇ, ಈ ನೀರು ನೋಡಿದ್ರ ಒಂಥರಾ ಐತಿ. ಕೋಳಿ ಕುಡ್ಯಾಕ ಹತ್ತ್ಯಾವಲ್ಲೋ" ಎಂದು ಅವ್ವ ಒಮ್ಮೆ ಅಂದಳು.

"ತೊಗಲಿನ ನೀರು ಕುಡದs ಬೆಳದಾವಲ್ಲ, ಸುಮ್ಕಿರಬೇ" ಅಂದೆ.

ಕೆಲವು ತಿಂಗಳಲ್ಲಿ ತತ್ತಿಯ ಸಿಪ್ಪೆ ಮೆತ್ತಗಾಯಿತು. ಕೈಗೆತ್ತಿಕೊಂಡರೆ ಬೆರಳಿನ ಗುರುತು ಬೀಳುತ್ತಿತ್ತು. ಅವ್ವ ಜೋಳದ ನುಚ್ಚಿಗೆ ಸುಣ್ಣ ಕಲಸಿ ತಿನ್ನಿಸಿದಳು, ಏನೂ ಆಗಲಿಲ್ಲ. ಅಷ್ಟರಲ್ಲಿ ತಂಗಿ ಹೆರಿಗೆಗೆ ಬಂದು ಹೆತ್ತಳು. ತತ್ತಿ ಸರಿಯಾಗಿಡದ ಕೋಳಿಗಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವ್ವ ಒಂದೊಂದಾಗಿ ಬಾಣಂತಿಗೆ ಸಾರು ಮಾಡತೊಡಗಿದಳು.

ನಮ್ಮ ಮನೆಯಲ್ಲಿ ಕೋಳಿಯ ಕಲೇಜಿ, ಅಂದರೆ ಯಕೃತ್ತು, ದುಡಿಯುವ ಗಂಡಸಿನ ಪಾಲು. ಮೊದಲು ಅಪ್ಪನದು, ಆಮೇಲೆ ನನ್ನದು. ತಂಗಿ ಬಂದ ಮೇಲೆ ಅದು ನನ್ನ ತಟ್ಟೆಗೆ ಬೀಳುವುದು ನಿಂತಿತು. ಹೆರಿಗೆಯಾದವಳ ಮೇಲೆ ಇದಕ್ಕೆಲ್ಲ ಮುನಿಸು ಮಾಡುತ್ತಾರೆಯೇ? ನಾನು ಮಾಡಿದೆ. ಒಂದು ದಿನ ಕೈಯನ್ನೂ ತೊಳೆಯದೆ ಊಟದಿಂದ ಎದ್ದು ಹೋದೆ.

ಒಂದು ಬೆಳಿಗ್ಗೆ ಕೋಳಿಯೊಂದು ತಾನಾಗಿಯೇ ಸತ್ತು ಬಿತ್ತು. ಅದನ್ನು ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕೊಯ್ದು ನೋಡಿದರು, ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು, ಕೈ ತೊಳೆದುಕೊಂಡು ಬಂದರು.

"ಮೈಯಾಗ ಸುಣ್ಣ, ಕಬ್ಬಿಣ, ಸತು ಎಲ್ಲಾ ತಮ್ಮ ತಮ್ಮ ಅಳತ್ಯಾಗ ಇರಬೇಕು. ನಿಮ್ಮ ಹಸಿರು ಉಪ್ಪು ಒಳಗ ಹೋಗಿ ಆ ಅಳತೀನ ಕೆಡಸೈತಿ ಅನ್ನಸ್ತೈತಿ. ಅದಕ್ಕs ಎಷ್ಟು ಸುಣ್ಣ ತಿನ್ನಿಸಿದ್ರೂ ಸಿಪ್ಪಿಗೆ ಹತ್ತವಲ್ದು. ದೊಡ್ಡ ಪರೀಕ್ಷೆ ಮಾಡಸದs ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಇಂಥಾದ್ದು ಕೂಡೋದು ಕಲೇಜಿ, ಮೂತ್ರಪಿಂಡದಾಗ. ಅವನ್ನ ಮಾತ್ರ ಮನ್ಯಾಗ ಯಾರೂ ತಿನ್ನಬ್ಯಾಡ್ರಿ."

ದಾರಿಯಲ್ಲಿ ಮೊದಲು ನೆನಪಾದದ್ದು ನನ್ನ ಹೊಟ್ಟೆ. ಸದ್ಯ, ಈಚೆಗೆ ನಾನು ತಿಂದಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಹಾಗಾದರೆ ತಿಂದವರು ಯಾರು ಎನ್ನುವುದು ಹೊಳೆದಾಗ ಓಡತೊಡಗಿದೆ.

ತಂಗಿ ಮಗುವಿಗೆ ಹಾಲು ಕುಡಿಸುತ್ತ ಊಟಕ್ಕೆ ಕೂತಿದ್ದಳು. ತಟ್ಟೆಯ ಅಂಚಿನಲ್ಲಿ ಕಲೇಜಿಯ ತುಂಡು. ಮಾತಾಡಲು ಉಸಿರಿರಲಿಲ್ಲ. ತಟ್ಟೆ ಕಸಿದು ಹಿತ್ತಲಿಗೆ ಎಸೆದೆ. ಉಳಿದ ಕೋಳಿಗಳು ಅದರತ್ತ ಓಡಿ ಬಂದವು. ಅವ್ವ ಸೌಟು ಹಿಡಿದು ಹಾಗೇ ನಿಂತಳು.

ತಂಗಿ ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು:

"ಅಣ್ಣಾ, ಅದು ನಿನ್ನ ಪಾಲಿಂದು ಅಂತ ನನಗ ಗೊತ್ತಿತ್ತು. ಅವ್ವಗ ಬೈಬ್ಯಾಡ. ನಾನs ಕೇಳಿ ಹಾಕಿಸ್ಕೊಂಡಿದ್ದೆ."

ಡಾಕ್ಟರು ಹೇಳಿದ್ದನ್ನು ಆಗ ಇಬ್ಬರಿಗೂ ಹೇಳಿದೆ. ಅವ್ವ ಸಾರಿನ ಗಡಿಗೆಯನ್ನು ಹೊರಗೆ ಚೆಲ್ಲಿ ಬಂದಳು. ಹಸಿರು ಗುಂಡಿಯನ್ನು ಆ ವಾರವೇ ಮುಚ್ಚಿದೆ. ತಂಗಿಗೂ ಮಗುವಿಗೂ ಕಾಣುವಂಥದ್ದೇನೂ ಆಗಲಿಲ್ಲ. ಆದರೂ ಆ ಮಗುವಿಗೆ ಸಣ್ಣ ಜ್ವರ ಬಂದರೂ ನನಗೆ ಆ ಹಸಿರು ನೀರೇ ನೆನಪಾಗುತ್ತಿತ್ತು.

ಇಂದಿಗೂ ತಂಗಿಯ ಮನೆಗೆ ಹೋದರೆ ಅವಳು ಕೋಳಿ ಮಾಡುತ್ತಾಳೆ, ಕಲೇಜಿಯನ್ನು ಹುಡುಕಿ ಹುಡುಕಿ ನನ್ನ ತಟ್ಟೆಗೇ ಹಾಕುತ್ತಾಳೆ. ಬೇಡ ಅನ್ನುವ ಮುಖ ನನಗಿಲ್ಲ. ತಲೆ ತಗ್ಗಿಸಿ ತಿನ್ನುತ್ತೇನೆ.